ಟಿ-1000ರ ಎದೆಯ ಕ್ರೋಮ್ ಗಾಯಗಳು: ಕಂಪ್ಯೂಟರಿನ ಹಂಗಿಲ್ಲದೆ ಅರಳಿಸಿದ ನನ್ನ ಅನುಭವ

‘ಟರ್ಮಿನೇಟರ್ 2’ ಚಿತ್ರದ ಅಭಿಮಾನಿಗಳು ನಾಲ್ವರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಪೊಲೀಸ್ ಸಮವಸ್ತ್ರ ತೊಟ್ಟ, ದ್ರವಲೋಹದ ಕೊಲೆಗಾರ ಯಂತ್ರ ಟಿ-1000ರ ಎದೆಗೆ ಗುಂಡು ಬಿದ್ದು, ಬಟ್ಟೆ ಸೀಳಿ, ಒಳಗಿನಿಂದ ಕನ್ನಡಿಯ ಹೊಳಪಿನ ಗಾಯ ಹೊರಗೆ ಚಿಮ್ಮಿದ ಆ ಕ್ಷಣವನ್ನು ಮೊದಲ ಸಲ ನೋಡಿದಾಗ ತಮಗೆ ಏನಾಯಿತು ಎಂಬುದನ್ನು ಪ್ರತಿಯೊಬ್ಬರೂ ಹೇಳುತ್ತಾರೆ. ಅದರ ಬೆನ್ನಿಗೇ ಯಾರಾದರೊಬ್ಬರು, ಅದೆಲ್ಲ ಕಂಪ್ಯೂಟರಿನ ಕೆಲಸ, ಮನೆಯಲ್ಲಿ ಕುಳಿತು ಮಾಡುವಂಥದ್ದಲ್ಲ ಎಂದು ಸೇರಿಸುತ್ತಾರೆ. ಮೊದಲ ಮಾತು ನನ್ನ ಅನುಭವವೂ ಹೌದು. ಎರಡನೆಯದನ್ನು ನಾನು ಎಂದೂ ಒಪ್ಪಲಿಲ್ಲ, ಮತ್ತು ಈಗ ನನ್ನ ಕೆಲಸದ ಮೇಜಿನ ಮೇಲೆ ಅದಕ್ಕೆ ಉತ್ತರವಿದೆ: ಅಂಥ ಐದು ಗಾಯಗಳು ಅರಳುವ ಒಂದು ಎದೆಕವಚ.

1991ರ ಜುಲೈ 3ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರವನ್ನು ಕಂಪ್ಯೂಟರ್ ಗ್ರಾಫಿಕ್ಸ್ ಚರಿತ್ರೆಯ ತಿರುವು ಎಂದು ಎಲ್ಲರೂ ಬರೆಯುತ್ತಾರೆ, ಅದು ನಿಜವೂ ಹೌದು. ಆದರೆ ಎರಡು ಗಂಟೆ ಹದಿನೇಳು ನಿಮಿಷಗಳ ಚಿತ್ರದಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರ ಕಂಪ್ಯೂಟರ್ ಚಿತ್ರಿಕೆಗಳು ಕೆಲವೇ ನಿಮಿಷಗಳಷ್ಟು. ಎದೆಯ ಗಾಯಗಳು ಮುಚ್ಚಿಕೊಳ್ಳುವುದು ಅವರ ಕೈಚಳಕವಾದರೆ, ತೆರೆದುಕೊಳ್ಳುವುದು ಸ್ಟ್ಯಾನ್ ವಿನ್‌ಸ್ಟನ್ ಅವರ ಕಾರ್ಯಾಗಾರದ ಕೆಲಸ. ಮೃದುವಾದ ಫೋಮ್ ರಬ್ಬರಿನಲ್ಲಿ ಎರಕ ಹೊಯ್ದ ದಳಗಳಿಗೆ ನಿರ್ವಾತ ಕೋಣೆಯಲ್ಲಿ ಲೋಹದ ಲೇಪ ಕೊಟ್ಟು, ಮಡಚಿ, ಮೊದಲೇ ಗೀರಿಟ್ಟ ಬಟ್ಟೆಯ ಹಿಂದೆ ಅಡಗಿಸಿ, ಬೇಕಾದ ಗಳಿಗೆಯಲ್ಲಿ ಬಿಡುಗಡೆ ಮಾಡುತ್ತಿದ್ದರು. ನಟ ರಾಬರ್ಟ್ ಪ್ಯಾಟ್ರಿಕ್ ಅವರ ಎದೆಯ ಮೇಲೆ ಅರಳಿದ್ದು ಕೈಯಿಂದ ಮುಟ್ಟಬಹುದಾದ ವಸ್ತು. ನನ್ನ ಹಟವೆಲ್ಲ ಇಷ್ಟರ ಮೇಲೇ ನಿಂತಿತ್ತು.

ನಮ್ಮ ಬಳಗದಲ್ಲಿ ಪ್ರತಿಕೃತಿ ಮಾಡುವವರು ಸಾಮಾನ್ಯವಾಗಿ ಅದೇ ಚಿತ್ರದ ಹಳೆಯ ಮಾದರಿಯ ಯಂತ್ರಮಾನವ ಟಿ-800ರ ಲೋಹದ ಅಸ್ಥಿಪಂಜರಕ್ಕೆ ಕೈಹಾಕುತ್ತಾರೆ, ಏಕೆಂದರೆ ಗಟ್ಟಿ ವಸ್ತುವಿಗೆ ಕ್ರೋಮ್ ಹೊಳಪು ತರುವುದು ಈಗ ಎಲ್ಲರಿಗೂ ಗೊತ್ತಿರುವ ವಿದ್ಯೆ. ಬಾಗುವ ವಸ್ತುವಿನ ಮೇಲೆ ಅದೇ ಹೊಳಪನ್ನು ನಿಲ್ಲಿಸುವ ಮಾತು ಎತ್ತಿದಾಗ ಹಿರಿಯರಿಬ್ಬರು ಎರಡು ಆಕ್ಷೇಪಗಳನ್ನಿಟ್ಟರು: ನಿರ್ವಾತ ಲೇಪನವಿಲ್ಲದೆ ಕನ್ನಡಿ ಹೊಳಪು ಬಾರದು, ಮತ್ತು ಸಿಡಿಮದ್ದಿಲ್ಲದೆ ಆ ವೇಗ ಬಾರದು. ಎರಡನೆಯದಕ್ಕೆ ಚಿತ್ರವೇ ಉತ್ತರ. ಮೊದಲನೆಯದಕ್ಕೆ ಉತ್ತರ ಹುಡುಕಲು ನನ್ನ ಒಟ್ಟು ಖರ್ಚಿನ ಮುಕ್ಕಾಲು ಪಾಲು ಹೋಯಿತು.

ಕೆಲಸಕ್ಕೆ ಮೊದಲು ಪರಿಚಯದ ಅಭಿಮಾನಿಗಳನ್ನು, ಚಿತ್ರವನ್ನು ಮತ್ತೆ ನೋಡದೆ ನೆನಪಿನಿಂದಲೇ ಗಾಯಗಳ ಜಾಗವನ್ನು ಕಾಗದದ ಮೇಲೆ ಗುರುತಿಸಿ ಕೊಡಿ ಎಂದು ಕೇಳಿದೆ. ಬಂದ ಚಿತ್ರಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಕೆಲವರು ಮಾಲ್‌ನ ಹಿಂಬದಿಯ ಓಣಿಯಲ್ಲಿ, ಗುಲಾಬಿಯ ಪೆಟ್ಟಿಗೆಯಿಂದ ಹೊರಬಂದ ಶಾಟ್‌ಗನ್ನಿನ ದೊಡ್ಡ ಗಾಯಗಳನ್ನು ಬರೆದಿದ್ದರು. ಇನ್ನು ಕೆಲವರು ಕೊನೆಯ ಉಕ್ಕಿನ ಕಾರ್ಖಾನೆಯ ದೃಶ್ಯವನ್ನೂ ಅದರೊಳಗೆ ಬೆರೆಸಿದ್ದರು. ಆದರೆ ಬಹುತೇಕ ಎಲ್ಲರೂ ಗಾಯದ ಅಂಚನ್ನು ಬಟ್ಟೆಯಿಂದ ಮೇಲೆ ಎದ್ದು ನಿಂತಂತೆ ಬರೆದಿದ್ದರು, ಒಬ್ಬರೂ ಅದನ್ನು ಬರಿಯ ತೂತಾಗಿ ಬರೆಯಲಿಲ್ಲ. ನೋಡಿದವರ ಮನಸ್ಸಿನಲ್ಲಿ ಉಳಿದಿರುವುದು ಆ ಉಬ್ಬು ಎಂದು ಅಲ್ಲಿಗೆ ನನಗೆ ಖಚಿತವಾಯಿತು. ಅಳತೆಗಳನ್ನು ಫ್ರೇಮ್ ನಿಲ್ಲಿಸಿ ತೆಗೆದೆನಾದರೂ, ದಳಗಳ ಎತ್ತರವನ್ನು ಮಾತ್ರ ಅಭಿಮಾನಿಗಳ ನೆನಪಿಗೆ ಒಪ್ಪುವಂತೆ ತುಸು ಹೆಚ್ಚಿಸಿಯೇ ಇಟ್ಟೆ. ಈ ನಿರ್ಧಾರವನ್ನು ಟೀಕಿಸಿದವರಿದ್ದಾರೆ. ಎದುರಿಗೆ ನಿಂತು ನೋಡಿದವರು ಯಾರೂ ಟೀಕಿಸಲಿಲ್ಲ.

ಮೂಲ ಆಕಾರಕ್ಕಾಗಿ ಮೊದಲು ಹಸಿ ಮಣ್ಣಿನ ಮೇಲೆ ಉಕ್ಕಿನ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಬೀಳಿಸಿ, ಎದ್ದ ಅಂಚಿನ ಮೇಲೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದೆ. ಸಿಕ್ಕಿದ ಆಕಾರಗಳು ವಿಜ್ಞಾನದ ಪುಸ್ತಕಕ್ಕೆ ಸರಿಯಾಗಿದ್ದವು, ಆದರೆ ಸುತ್ತಲೂ ಸಮನಾಗಿದ್ದು ನಿರ್ಜೀವವಾಗಿ ಕಂಡವು. ಕೊನೆಗೆ ಗಂಧಕವಿಲ್ಲದ ಜೇಡಿಯಲ್ಲಿ ಕೈಯಿಂದಲೇ ತಿದ್ದಿ, ಒಂದು ಬದಿಯ ದಳ ಉದ್ದ, ಎದುರು ಬದಿಯದು ಗಿಡ್ಡ, ನಡುವಿನ ಕುಳಿ ಕೇಂದ್ರದಿಂದ ಸ್ವಲ್ಪ ಸರಿದಂತೆ ಮಾಡಿಕೊಂಡೆ. ದೊಡ್ಡ ಗಾಯ ಅರಳಿದಾಗ ಸುಮಾರು 9 ಸೆಂಟಿಮೀಟರ್ ಅಗಲ, ಮಡಚಿದಾಗ 5 ಸೆಂಟಿಮೀಟರಿನ ಬಟ್ಟಲಿನೊಳಗೆ ಕೂರುತ್ತದೆ. ದಳದ ಬುಡ ನಾಲ್ಕೈದು ಮಿಲಿಮೀಟರ್ ದಪ್ಪವಿದ್ದು ತುದಿ ಒಂದೂವರೆಗೆ ಇಳಿಯುತ್ತದೆ. ಬುಡದಿಂದ ತುದಿಗೆ ದಪ್ಪ ಇಳಿಯುವ ರೀತಿಯಲ್ಲೇ ಅರ್ಧ ಗುಟ್ಟಿದೆ, ಅದನ್ನು ನಾನು ಬಿಡಿಸಿ ಹೇಳುವುದಿಲ್ಲ. ಸಮ ದಪ್ಪದ ದಳ ಎಂದೂ ಕೆಲಸ ಮಾಡದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಇನ್ನು ಹೊಳಪಿನ ಮಾತು. ಡಬ್ಬಿಯಲ್ಲಿ ಬರುವ ಕ್ರೋಮ್ ಸ್ಪ್ರೇ ಬಣ್ಣಗಳನ್ನು ಸಿಕ್ಕಷ್ಟು ತರಿಸಿ ನೋಡಿದೆ. ಒಣಗಿದ ಮೇಲೆ ಚೆನ್ನಾಗಿ ಕಂಡವೂ ಮೊದಲ ಮಡಿಕೆಗೇ ಬೂದು ಗೆರೆಗಳನ್ನು ಬಿಟ್ಟವು, ಮತ್ತು ಸಿಲಿಕೋನ್ ಮೇಲಂತೂ ಉಗುರು ತಾಗಿದರೆ ಸಿಪ್ಪೆಯಾಗಿ ಎದ್ದವು. ಅಲ್ಯೂಮಿನಿಯಂ ರೇಕು ಅಂಟಿಸಿದಾಗ ಛಾಯಾಚಿತ್ರಕ್ಕೆ ಅದ್ಭುತವಾಗಿತ್ತು, ಆದರೆ ಒಂದೇ ಸಲ ಅರಳಿಸಿದರೆ ಬಿರುಕುಗಳ ಜಾಲ ಮೂಡುತ್ತಿತ್ತು. ಲೋಹಲೇಪಿತ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಗಾಳಿಯಲ್ಲಿ ಎಳೆದು ಕೂರಿಸಿದರೆ ದಳದ ಒಳಬಾಗಿನಲ್ಲಿ ಸುಕ್ಕು ಬಿತ್ತು. ಕೊನೆಗೆ ನಿರ್ವಾತ ಲೇಪನ ಮಾಡಿಕೊಡುವ ಒಂದು ಘಟಕವನ್ನೇ ವಿಚಾರಿಸಿದೆ. ಅವರು ಒಂದೆರಡು ತುಂಡುಗಳಿಗೆ ಯಂತ್ರ ಹೂಡುವುದಿಲ್ಲ, ಕೋಣೆ ತುಂಬುವಷ್ಟು ಮಾಲಿಗೆ ದರ ಹೇಳುತ್ತಾರೆ, ಮೇಲಾಗಿ ಮೆತ್ತನೆಯ ರಬ್ಬರಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅವರು ಹೇಳಿದ ಮೊತ್ತದಲ್ಲಿ ನಾನು ಈಗಿನ ವಿಧಾನದಿಂದ ಇಂಥ ಎದೆಕವಚಗಳನ್ನು ಕಡಿಮೆಯೆಂದರೂ ಐದಾರು ಮಾಡಬಹುದು.

ಫಲ ಕೊಟ್ಟದ್ದು ಕ್ರಮವನ್ನೇ ತಿರುಗಿಸಿದಾಗ. ದಳಕ್ಕೆ ಹೊಳಪು ಬಳಿಯುವ ಬದಲು ಅಚ್ಚಿಗೇ ಹೊಳಪು ತಿಕ್ಕಿ, ಅದರ ಮೇಲೆ ದಳವನ್ನು ಹೊಯ್ಯುವ ಕ್ರಮ ಅದು. ಗಟ್ಟಿ ರಾಳದ ಎರಕದಲ್ಲಿ ಲೋಹದ ಪುಡಿಯನ್ನು ಅಚ್ಚಿಗೆ ಸವರುವುದು ಹಳೆಯ ಪದ್ಧತಿ, ನಿಮಗೆಲ್ಲ ಗೊತ್ತಿರುವುದೇ. ನಾನು ಅದನ್ನೇ ಪ್ಲಾಟಿನಂ ಸಿಲಿಕೋನಿಗೆ, ಅಂದರೆ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಮೆತ್ತನೆಯ ರಬ್ಬರಿಗೆ, ತಂದೆ. ಮೂಲ ಆಕಾರದ ಗಟ್ಟಿ ನಕಲೊಂದನ್ನು ಗಾಜಿನ ನುಣುಪು ಬರುವವರೆಗೆ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ತಿಕ್ಕಿ, ಮೇಲೆ ಮೆರುಗೆಣ್ಣೆಯ ಪದರ ಕೊಟ್ಟು, ಅದರಿಂದ ಅಚ್ಚು ತೆಗೆಯಬೇಕು. ಅಚ್ಚಿನ ಒಳಮೈ ಮಂಕಾಗಿದ್ದರೆ ಯಾವ ಪುಡಿಯೂ ನಿಮ್ಮನ್ನು ಕಾಪಾಡದು. ಕನ್ನಡಿ ಕ್ರೋಮ್ ಪುಡಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಮೃದುವಾದ ಸ್ಪಂಜಿನಿಂದ ತಿಕ್ಕಿ ತಿಕ್ಕಿ ಕೂರಿಸಿ, ಉಳಿದದ್ದನ್ನು ಊದಿ ತೆಗೆಯಬೇಕು, ಮುಖಕ್ಕೆ ಮಾಸ್ಕ್ ಇರಲೇಬೇಕು. ನಂತರ ದ್ರಾವಕದಿಂದ ತೆಳುಗೊಳಿಸಿದ ಕಪ್ಪು ಸಿಲಿಕೋನಿನ ಒಂದು ಪದರವನ್ನು ಏರ್‌ಬ್ರಷ್‌ನಲ್ಲಿ ಕೊಟ್ಟು, ಅದು ಇನ್ನೂ ಅಂಟಂಟಾಗಿರುವಾಗಲೇ ಶೋರ್ ಎ 10ರ (ಶೋರ್ ಎಂದರೆ ರಬ್ಬರಿನ ಗಡಸುತನದ ಅಳತೆ) ಮೃದು ಸಿಲಿಕೋನನ್ನು ಹೊಯ್ಯುತ್ತೇನೆ. ಲೋಹದ ಹಿಂದೆ ಕಪ್ಪು ಇದ್ದರೆ ಮಾತ್ರ ಆಳ ಬರುತ್ತದೆ, ಬೂದು ಹಾಕಿ ನೋಡಿದಾಗ ಅದು ಬರಿಯ ಬೆಳ್ಳಿ ಬಣ್ಣವಾಗಿ ಉಳಿಯಿತು. ತೆಳುಗೊಳಿಸುವ ಪ್ರಮಾಣವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದನ್ನು ಕಂಡುಕೊಳ್ಳಲು ಸುರಿದ ಸಿಲಿಕೋನಿನ ಬೆಲೆಯನ್ನು ನಾನೊಬ್ಬನೇ ತೆತ್ತಿದ್ದೇನೆ. ಹೀಗೆ ಬಂದ ದಳವನ್ನು ಮಡಚಿ ಬಿಚ್ಚಿದರೆ ಹೊಳಪು ಚರ್ಮದ ಭಾಗವಾಗಿ ಚಲಿಸುತ್ತದೆ. ಮೊದಲ ಒಳ್ಳೆಯ ತುಂಡು ಈವರೆಗೆ ನೂರಾರು ಸಲ ಮಡಚಿಸಿಕೊಂಡಿದೆ, ಬುಡದ ಒಂದು ಕಡೆ ಸ್ವಲ್ಪ ಮಂಕಾದುದನ್ನು ಬಿಟ್ಟರೆ ಬಿರುಕಿಲ್ಲ.

ಈ ಹಂತದಲ್ಲಿ ಬಹಳ ಕಾಡಿದ್ದು ಒಂದೇ ಒಂದು ಅಂಚು. ಎಲ್ಲ ದಳಗಳೂ ಸರಿಯಾಗಿ ಗಟ್ಟಿಯಾಗಿ, ಒಂದು ಬದಿ ಮಾತ್ರ ಜಿಗುಟಾಗಿ ಉಳಿಯುತ್ತಿತ್ತು. ಸಿಲಿಕೋನ್ ಬದಲಿಸಿದ್ದಾಯಿತು, ಕೋಣೆಯ ಬಿಸಿ ಹೆಚ್ಚಿಸಿದ್ದಾಯಿತು. ಕಡೆಗೆ ಸಿಕ್ಕಿದ ಕಾರಣ ಲ್ಯಾಟೆಕ್ಸ್ ಕೈಗವಸು. ಪ್ಲಾಟಿನಂ ಸಿಲಿಕೋನಿಗೆ ಗಂಧಕ ಆಗದೆಂದು ಜೇಡಿಯ ವಿಷಯದಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ, ಕೈಗವಸಿನ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ನೈಟ್ರೈಲ್ ಕೈಗವಸು ಧರಿಸಿದ ದಿನದಿಂದ ಆ ತೊಂದರೆ ಮರುಕಳಿಸಿಲ್ಲ.

ವೇಗದ ಲೆಕ್ಕ ಸರಳ. ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್, ಗಾಯ ಎರಡು ಮೂರು ಫ್ರೇಮಿನೊಳಗೆ ತೆರೆದರೆ ಮಾತ್ರ ಕಣ್ಣು ಅದನ್ನು ಗುಂಡೇಟೆಂದು ನಂಬುತ್ತದೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ನನ್ನ ಮೊದಲ ಮಾದರಿ ಅರ್ಧ ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಮೈಮುರಿಯುತ್ತಿತ್ತು. ಬರಿಯ ಸಿಲಿಕೋನಿನ ಸೆಡೆತ ಸಾಲದೆಂದು ಪ್ರತಿ ದಳದ ಬೆನ್ನಿಗೆ ತೆಳುವಾದ ಸ್ಪ್ರಿಂಗ್ ತಂತಿಯನ್ನು, ತುದಿಯನ್ನು ಉರುಟಾಗಿ ಬಗ್ಗಿಸಿ, ಹುದುಗಿಸಿದೆ. ಬಿಡುಗಡೆಗೆ ಮೊದಲು, ವಿದ್ಯುತ್ ಹರಿಸಿದರೆ ಕಾಯುವ ನೈಕ್ರೋಮ್ ತಂತಿಯಿಂದ ದಾರವನ್ನು ಸುಡುವ ಉಪಾಯ ಹೂಡಿದ್ದೆ. ಅದು ಒಮ್ಮೆ ತಕ್ಷಣ, ಒಮ್ಮೆ ತಡವಾಗಿ ಕೆಲಸ ಮಾಡಿ, ಬಟ್ಟೆಗೆ ಸುಟ್ಟ ಕಲೆ ಬಿಟ್ಟಿತು. ಈಗ ಎಲ್ಲ ದಳಗಳ ತುದಿಯನ್ನೂ ಒಂದೇ ಮೀನುಗಾಳದ ದಾರ ಹಿಡಿದಿರುತ್ತದೆ, ಸಣ್ಣ ಸರ್ವೋ ಮೋಟಾರು ಒಂದು ಪಿನ್ನನ್ನು ಎಳೆದರೆ ಗಂಟು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆ ಗಂಟು ನನ್ನ ಎರಡನೆಯ ಗುಟ್ಟು. ಸೆಕೆಂಡಿಗೆ 240 ಫ್ರೇಮಿನಲ್ಲಿ ಚಿತ್ರೀಕರಿಸಿ ಎಣಿಸಿದಾಗ ಇಪ್ಪತ್ತು ಚಿಲ್ಲರೆ ಫ್ರೇಮುಗಳಲ್ಲಿ ಗಾಯ ಪೂರ್ತಿ ತೆರೆದಿತ್ತು. ಸಿಡಿಮದ್ದು ಬೇಕೆಂದಿದ್ದ ಹಿರಿಯರಿಗೆ ನಾನು ಕಳುಹಿಸಿದ್ದು ಅದೇ ತುಣುಕು.

ಬಟ್ಟೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ದೃಶ್ಯ ಅದರದ್ದೇ. ಕಡುನೀಲಿ ಅಂಗಿಯನ್ನು ಒಳಗಿನಿಂದ ನಕ್ಷತ್ರಾಕಾರದಲ್ಲಿ ಗೀರಿ, ನೂಲುಗಳಲ್ಲಿ ಕೆಲವನ್ನು ಮಾತ್ರ ಉಳಿಸಬೇಕು. ಹೆಚ್ಚು ಉಳಿಸಿದರೆ ದಳ ಸಿಕ್ಕಿಬೀಳುತ್ತದೆ, ಕಡಿಮೆ ಉಳಿಸಿದರೆ ನಟ ಉಸಿರೆಳೆದಾಗಲೇ ಸೀಳು ಕಾಣುತ್ತದೆ. ಪ್ರತಿ ಪ್ರದರ್ಶನಕ್ಕೆ ಒಂದು ಅಂಗಿ ಬಲಿಯಾಗುವುದರಿಂದ, ನಾನು ಎದೆಭಾಗದ ತುಂಡನ್ನಷ್ಟೇ ಬದಲಿಸುವಂತೆ ಹೊಲಿಸಿಕೊಂಡಿದ್ದೇನೆ. ಖರ್ಚು ಇದರಿಂದ ಎಂಟನೇ ಒಂದು ಭಾಗಕ್ಕೆ ಇಳಿಯಿತು.

ನಡುವೆ ಎರಡು ಪ್ರಯೋಗಗಳು ನನ್ನನ್ನು ದಾರಿ ತಪ್ಪಿಸಿದರೂ ಅವುಗಳ ಬಗ್ಗೆ ನನಗೆ ಪ್ರೀತಿಯಿದೆ. ಕಾರ್ಖಾನೆಯಲ್ಲಿ ಚೂರಾದ ಟಿ-1000 ಹನಿಹನಿಯಾಗಿ ಮತ್ತೆ ಕೂಡಿಕೊಳ್ಳುವ ದೃಶ್ಯಕ್ಕಾಗಿ ಗ್ಯಾಲಿಯಂ ತರಿಸಿದೆ. ಅದು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ, ಪಾದರಸದಂತೆ ವಿಷದ ಆವಿ ಬಿಡುವುದಿಲ್ಲ. ಆದರೆ ಗಾಜಿಗೂ ಬೆರಳಿಗೂ ಬೂದುಬಣ್ಣವಾಗಿ ಅಂಟಿಕೊಳ್ಳುತ್ತದೆ, ಹನಿಗಳು ಸ್ವಚ್ಛವಾಗಿ ಉರುಳುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯ ಹತ್ತಿರ ಅದನ್ನು ಸುಳಿಯಗೊಡಬೇಡಿ, ಲೋಹದೊಳಕ್ಕೆ ಇಳಿದು ಅದನ್ನು ಪುಡಿಯಾಗುವಷ್ಟು ದುರ್ಬಲಗೊಳಿಸುತ್ತದೆ. ಎರಡನೆಯದು ಧ್ವನಿ. ಆಸ್ಪತ್ರೆಯ ಕಂಬಿಗಳ ನಡುವೆ ಟಿ-1000 ತೂರಿ ಬರುವ ಸದ್ದಿಗೆ ಧ್ವನಿವಿನ್ಯಾಸಕಾರ ಗ್ಯಾರಿ ರೈಡ್‌ಸ್ಟ್ರಾಮ್ ಅವರು ಬಳಸಿದ್ದು ಡಬ್ಬಿಯಿಂದ ನಿಧಾನವಾಗಿ ಜಾರುವ ನಾಯಿಯ ಆಹಾರದ ಸದ್ದನ್ನು. ನಾನೂ ಡಬ್ಬಿಗಳನ್ನು ತಂದು, ಓರೆ ಮಾಡಿ, ತಳಕ್ಕೆ ತೂತು ಕೊರೆದು ರೆಕಾರ್ಡ್ ಮಾಡಿದೆ. ತೂತು ಚಿಕ್ಕದಾದಷ್ಟೂ ಒಳಗೆ ಹೋಗುವ ಗಾಳಿ ಕಡಿಮೆಯಾಗಿ, ಹೀರುವ ಸದ್ದು ಉದ್ದವಾಗುತ್ತದೆ. ಅದನ್ನು ಗಾಯ ಅರಳುವ ಕ್ಷಣಕ್ಕೆ ಹೊಂದಿಸಿ ಕೇಳಿಸಿದಾಗ, ಅಲ್ಲಿಯವರೆಗೆ ಯಂತ್ರವನ್ನಷ್ಟೇ ನೋಡುತ್ತಿದ್ದ ಗೆಳೆಯರೊಬ್ಬರು ಆ ಓಣಿಯ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲೇ ವಿವರಿಸತೊಡಗಿದರು.

ಬಳಗದ ಮುಂದೆ ಐದು ಗಾಯಗಳ ಎದೆಕವಚವನ್ನು ಒಂದರ ಹಿಂದೊಂದು ಅರಳಿಸಿದ ದಿನ, ಮೂರನೆಯದು ಅರೆಕ್ಷಣ ತಡವಾಯಿತು, ಉಳಿದ ನಾಲ್ಕೂ ಹೇಳಿದ ಹೊತ್ತಿಗೆ ತೆರೆದವು. ನಿರ್ವಾತ ಕೋಣೆ ಬೇಕೆಂದಿದ್ದ ಹಿರಿಯರು ದಳವನ್ನು ಬೆರಳಿನಿಂದ ಹಲವು ಬಾರಿ ಮಡಚಿ ನೋಡಿ, ಪುಡಿ ಯಾವುದೆಂದು ಕೇಳಿದರು. ಹೆಸರು ಹೇಳಿದೆ, ಪ್ರಮಾಣ ಹೇಳಲಿಲ್ಲ. ಈಗ ಅವರೂ ಲಿಫ್ಟ್ ಬಾಗಿಲಿನ ದೃಶ್ಯದಲ್ಲಿ ಶಾಟ್‌ಗನ್ನಿಗೆ ಎರಡಾಗಿ ಸೀಳುವ ತಲೆಯ ಮಾದರಿಗೆ ಕೈಹಾಕಿದ್ದಾರೆ, ನಾನು ಅದರ ಕೀಲಿನ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ.

ಮಾಡಲು ಹೊರಟವರು ಒಂದನ್ನು ಗಮನಿಸಿ. ದಳಗಳನ್ನು ಮಡಚಿದ ಸ್ಥಿತಿಯಲ್ಲಿ ರಾತ್ರಿಯಿಡೀ ಇಡಬೇಡಿ, ತಂತಿಯ ಸೆಡೆತ ಕುಗ್ಗುತ್ತದೆ ಮತ್ತು ಮಡಿಕೆಯ ಗೆರೆ ಹೊಳಪಿನ ಮೇಲೆ ಉಳಿಯುತ್ತದೆ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲು ಕಟ್ಟಿದರೆ ಸಾಕು. ಕಟ್ಟುವಾಗ ದೊಡ್ಡ ದಳವನ್ನು ಎಲ್ಲಕ್ಕಿಂತ ಕೊನೆಗೆ ಮಡಚಿ, ಏಕೆಂದರೆ ಮೊದಲು ಹೊರಬರಬೇಕಾದದ್ದು ಅದೇ.