ಡಿಜಿಟಲ್ ಬಂದ ಮೇಲೆ ರೀಲ್ ಕ್ಯಾಮೆರಾ ಇಟ್ಟುಕೊಳ್ಳಬೇಕೇ?

ಹೊಸ ಡಿಜಿಟಲ್ ಕ್ಯಾಮೆರಾ ಕೈಗೆ ಬಂದೊಡನೆ ಹಳೆಯದನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಯೋಚನೆ ಹತ್ತುತ್ತದೆ. ಇದನ್ನು ಒಂದೇ ಪ್ರಶ್ನೆ ಎಂದುಕೊಂಡರೆ ಬಗೆಹರಿಯುವುದಿಲ್ಲ. ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ವಿಚಾರ ಬೇರೆ, ಲೆನ್ಸಿನ ವಿಚಾರ ಬೇರೆ, ನೆಗೆಟಿವ್‌ಗಳದ್ದು ಮತ್ತೂ ಬೇರೆ. ಬಾಡಿ ಕೆಟ್ಟು ಕೂತಿದ್ದರೂ ಅದರ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಚೆನ್ನಾಗಿ ದುಡಿಯಬಹುದು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ. ಒಂದು ಟಾರ್ಚ್, ಹೊಸ ಸೆಲ್, ಮೊಬೈಲ್ ಮತ್ತು ಒಂದು ರೀಲು ಇದ್ದರೆ ಸಾಕು.

ಹಿಂಬದಿ ಮುಚ್ಚಳ ತೆರೆಯುವ ಮುನ್ನ ರಿವೈಂಡ್ ನಾಬನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ಹಳೇ ರೀಲು ಇದೆ ಎಂದರ್ಥ. ತಳದ ಗುಂಡಿ ಒತ್ತಿ ಅದನ್ನು ಪೂರ್ತಿ ಸುತ್ತಿಯೇ ಮುಚ್ಚಳ ತೆಗೆಯಿರಿ.

ಸೆಲ್ ಮತ್ತು ಷಟರ್

ಸೆಲ್ ತೆಗೆದುಹಾಕಿ ಷಟರ್ ಒತ್ತಿ. ಷಟರ್ ಎಂದರೆ ಫಿಲ್ಮಿನ ಮುಂದಿನ ಎರಡು ಪರದೆ: ಮೊದಲನೆಯದು ಸರಿದು ಬೆಳಕು ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಒಲಿಂಪಸ್ ಓಎಂ-1 ಇಂಥವು ಪೂರ್ಣ ಯಾಂತ್ರಿಕ. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಷಟರ್ ಎಲ್ಲ ವೇಗದಲ್ಲೂ ತಾನಾಗಿಯೇ ನಡೆಯುತ್ತದೆ. 1976ರಲ್ಲಿ ಬಂದ ಕ್ಯಾನನ್ ಎಇ-1 ಹಾಗಲ್ಲ, 6 ವೋಲ್ಟ್ ಸೆಲ್ ಇಲ್ಲದೆ ಅದು ಮಿಸುಕುವುದಿಲ್ಲ. ಇಟ್ಟುಕೊಳ್ಳುವ ಮಾತು ಬಂದಾಗ ಈ ವ್ಯತ್ಯಾಸವೇ ಮುಖ್ಯ. ಯಾಂತ್ರಿಕ ಭಾಗಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಓಡಿಸಬಹುದು. ಸರ್ಕ್ಯೂಟ್ ಸುಟ್ಟರೆ ಅದೇ ಮಾದರಿಯ ಇನ್ನೊಂದು ಕ್ಯಾಮೆರಾವನ್ನು ಬಲಿಕೊಡುವುದೇ ಹೆಚ್ಚಿನ ಸಲ ಉಳಿಯುವ ದಾರಿ.

ಸೆಲ್ ಕೂರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಇಯರ್ ಬಡ್ಡನ್ನು ವಿನೆಗರಿನಲ್ಲಿ ಅದ್ದಿ ಒರೆಸಿ. ಸೋರಿದ ಆಲ್ಕಲೈನ್ ಸೆಲ್ಲಿನದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. 1960-70ರ ದಶಕದ ಎಷ್ಟೋ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದವು. ಆ ಸೆಲ್ ಈಗ ತಯಾರಾಗುವುದಿಲ್ಲ. ಬದಲಿಗೆ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ಅದನ್ನು ನಂಬಿ ತೆಗೆದ ಚಿತ್ರ ಮಂಕಾಗುತ್ತದೆ. ಶ್ರವಣಯಂತ್ರಕ್ಕೆ ಬಳಸುವ 675 ನಂಬರಿನ ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ. ಸುತ್ತ ಒಂದು ರಬ್ಬರ್ ಉಂಗುರ ಹಾಕಿ ಕೂರಿಸಿದರೆ ಕೆಲಸ ಆಗುತ್ತದೆ. ಆದರೆ ಅದರ ಸ್ಟಿಕ್ಕರ್ ಕಿತ್ತ ಕ್ಷಣದಿಂದಲೇ ಆಯಸ್ಸು ಕರಗತೊಡಗುತ್ತದೆ; ಫೋಟೊ ತೆಗೆಯುವ ಹೊತ್ತಿಗಷ್ಟೇ ಕೀಳಿ.

ಈಗ ಲೆನ್ಸ್ ಕಳಚಿ, ಹಿಂಬದಿ ತೆರೆದು, ಕ್ಯಾಮೆರಾವನ್ನು ಕಿಟಕಿಯ ಕಡೆಗೆ ಹಿಡಿದು 1 ಸೆಕೆಂಡಿನಿಂದ ಶುರುಮಾಡಿ ಒಂದೊಂದೇ ವೇಗದಲ್ಲಿ ಷಟರ್ ಬಿಡಿ. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡರೆ ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವಿನ ಅಂತರ ಸಿಗುತ್ತದೆ. ಬಳಸದೆ ಇಟ್ಟ ಕ್ಯಾಮೆರಾದಲ್ಲಿ ಗ್ರೀಸ್ ಗಟ್ಟಿಯಾಗಿ ಮೊದಲು ಕೆಡುವುದು ನಿಧಾನದ ವೇಗಗಳೇ. ನಲವತ್ತು-ಐವತ್ತು ಸಲ ಒತ್ತಿದ ಮೇಲೆ ಸರಿಹೋದರೂ ನಂಬಬೇಡಿ, ಸರ್ವೀಸ್ ಬೇಕೇಬೇಕು. ಪರದೆಗೆ ಮಾತ್ರ ಬೆರಳು ತಾಗಿಸಬಾರದು.

ಅಂಟಾದ ಫೋಮ್

ಮುಚ್ಚಳದ ಅಂಚಿನ ಕಾಲುವೆಯಲ್ಲಿ ಬೆಳಕು ತಡೆಯಲು ಕಪ್ಪು ಫೋಮ್ ಇರುತ್ತದೆ. ದಶಕಗಳಲ್ಲಿ ಅದು ಡಾಂಬರಿನಂತೆ ಅಂಟಾಗುತ್ತದೆ. ಇದನ್ನು ಕಂಡು ಕ್ಯಾಮೆರಾ ಹಾಳಾಯಿತೆಂದು ಬಿಸಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇದು ಒಂದು ಸಂಜೆಯ ಕೆಲಸ. ಮರದ ಟೂತ್‌ಪಿಕ್ಕಿನಿಂದ ಹಳೆಯದನ್ನು ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಕಾಲುವೆಗೆ ತಕ್ಕ ದಪ್ಪದ ಹೊಸ ಫೋಮ್ ಪಟ್ಟಿ ಕತ್ತರಿಸಿ ಕೂರಿಸಿ. ಕೆರೆಯುವಾಗ ಕ್ಯಾಮೆರಾವನ್ನು ಬೋರಲು ಹಿಡಿಯಿರಿ, ಪುಡಿ ಪರದೆಯ ಮೇಲೆ ಬೀಳಬಾರದು. ಕನ್ನಡಿಯ ಮೇಲಂಚಿನಲ್ಲೂ ಇಂಥದೇ ಫೋಮ್ ಇದೆ. ಅಲ್ಲಿ ಆಲ್ಕೊಹಾಲ್ ಹನಿ ಫೋಕಸಿಂಗ್ ಸ್ಕ್ರೀನಿಗೆ (ಕನ್ನಡಿಯ ಮೇಲೆ ದೃಶ್ಯ ಮೂಡುವ ಮಸುಕು ಫಲಕ) ತಾಗದಿರಲಿ. ಕನ್ನಡಿಯ ಲೇಪ ಗಾಜಿನ ಮುಂಬದಿಯಲ್ಲೇ ಇರುವುದರಿಂದ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಊದುವ ಬಲ್ಬ್ ಸಾಕು.

ಲೆನ್ಸ್

ಅಪರ್ಚರ್ (ಬೆಳಕು ಒಳಬರುವ, ಹಿರಿದು-ಕಿರಿದಾಗುವ ಕಿಂಡಿ) ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರಬಲೆಯಂಥ ಎಳೆ ಕಂಡರೆ ಬೂಷ್ಟು. ಹೊರ ಗಾಜಿನ ಮೇಲಿದ್ದರೆ ಒರೆಸಿದರೆ ಹೋಗಬಹುದು. ಒಳಗಿದ್ದರೆ ಬಿಚ್ಚಬೇಕು, ಹಳೆಯದಾಗಿದ್ದರೆ ಲೇಪವನ್ನೇ ತಿಂದಿರುತ್ತದೆ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಪಸೆ ಇದ್ದರೆ ಅವು ತಡವಾಗಿ ಮುಚ್ಚಿ ಚಿತ್ರಕ್ಕೆ ಬೆಳಕು ಹೆಚ್ಚಾಗುತ್ತದೆ.

ಶುದ್ಧವಾಗಿದ್ದ ಲೆನ್ಸನ್ನು ಬಾಡಿಯೊಂದಿಗೆ ಮಾರುವ ಮುನ್ನ ಎರಡು ಸಲ ಯೋಚಿಸಿ. ಮೌಂಟ್ ಎಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಳೆ. ನಿಕಾನ್ ಎಫ್ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ, ಕನ್ನಡಿಯಿಲ್ಲದ ಸೋನಿ ಇ ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಆ ವ್ಯತ್ಯಾಸದಷ್ಟೇ ಉದ್ದದ, ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಲೆನ್ಸ್ ಅನಂತದವರೆಗೂ ಫೋಕಸ್ ಆಗುತ್ತದೆ. ಎಲ್ಲ ಜೋಡಿಗಳೂ ಹೀಗಲ್ಲ. ಕ್ಯಾನನ್ನಿನ ಹಳೆಯ ಎಫ್‌ಡಿ ಲೆನ್ಸಿಗೆ ಬೇಕಾದದ್ದು 42 ಮಿ.ಮೀ., ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ (ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಇರುವುದು 44. ಹಾಗಾಗಿ ಗಾಜಿಲ್ಲದ ಅಡಾಪ್ಟರಿನಲ್ಲಿ ದೂರದ ಬೆಟ್ಟ ಎಂದೂ ಸ್ಪಷ್ಟವಾಗದು. 1977ಕ್ಕೆ ಮುಂಚಿನ ಎಐ (ಅಪರ್ಚರನ್ನು ಬಾಡಿಗೆ ತಿಳಿಸುವ ವ್ಯವಸ್ಥೆ) ಅಲ್ಲದ ನಿಕಾನ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಗೇ ತಿರುಗಿಸಿ ಕೂರಿಸಬೇಡಿ. ಎಷ್ಟೋ ಬಾಡಿಗಳಲ್ಲಿ ಮೌಂಟಿನ ಸಣ್ಣ ಕೊಕ್ಕೆ ಮುರಿಯುತ್ತದೆ.

ಒಂದು ರೀಲಿನ ಪರೀಕ್ಷೆ

ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) 100ರ ಕಲರ್ ನೆಗೆಟಿವ್ ರೀಲು ಹಾಕಿ. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ರಿವೈಂಡ್ ನಾಬ್ ತಾನೂ ತಿರುಗಬೇಕು; ತಿರುಗದಿದ್ದರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ. ನಿಚ್ಚಳ ಬಿಸಿಲಿನಲ್ಲಿ ಒಂದೇ ಗೋಡೆಯನ್ನು 1/125 ಸೆಕೆಂಡಿನ ಷಟರ್ ವೇಗಕ್ಕೆ ಅಪರ್ಚರ್ ಎಫ್16, 1/250ಕ್ಕೆ ಎಫ್11, 1/500ಕ್ಕೆ ಎಫ್8, 1/1000ಕ್ಕೆ ಎಫ್5.6 ಹೀಗೆ ತೆಗೆಯಿರಿ. ನಾಲ್ಕರಲ್ಲೂ ಬೀಳುವ ಬೆಳಕು ಒಂದೇ. ಉಳಿದದ್ದರಲ್ಲಿ ಹತ್ತಿರದ ವಸ್ತು, ದೂರದ ದೃಶ್ಯ, ಮೀಟರ್ ಹೇಳಿದಂತೆ ಕೆಲವು ಚಿತ್ರ. ಪ್ರತಿಯೊಂದನ್ನೂ ಬರೆದಿಡಿ.

ರೀಲು ತೊಳೆಸುವಾಗ ನೆಗೆಟಿವ್ ವಾಪಸ್ ಕೇಳಿ. ಪ್ರಿಂಟ್ ಮತ್ತು ಸ್ಕ್ಯಾನ್‌ನಲ್ಲಿ ಬೆಳಕಿನ ಏರುಪೇರನ್ನು ಲ್ಯಾಬ್ ಸರಿದೂಗಿಸಿಬಿಡುತ್ತದೆ, ದೋಷ ಕಾಣುವುದು ನೆಗೆಟಿವ್‌ನಲ್ಲೇ. ಗೋಡೆಯ ನಾಲ್ಕೂ ಚೌಕಗಳು ಒಂದೇ ಗಾಢತೆಯಲ್ಲಿರಬೇಕು. 1/1000ರದ್ದು ಮಾತ್ರ ಒಂದು ಬದಿಗೆ ತೆಳುವಾಗಿದ್ದರೆ ಷಟರಿನ ಎರಡನೇ ಪರದೆ ಮೊದಲನೆಯದರ ತೀರ ಹತ್ತಿರಕ್ಕೆ ಬರುತ್ತಿದೆ. ಪ್ರಿಂಟಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬಂದರೆ ಹಿಂಬದಿಯಿಂದ ಬೆಳಕು ನುಗ್ಗಿದೆ, ಫೋಮ್ ನೋಡಿ. ಚಿತ್ರಗಳು ಒಂದರ ಮೇಲೊಂದು ಏರಿದ್ದರೆ ಸುತ್ತುವ ಯಂತ್ರದ ದೋಷ.

ಪರೀಕ್ಷೆಯಲ್ಲಿ ಗೆದ್ದ ಯಾಂತ್ರಿಕ ಬಾಡಿಯನ್ನು ಇಟ್ಟುಕೊಳ್ಳಿ, ಆದರೆ ವರ್ಷಕ್ಕೆ ಒಂದೆರಡು ರೀಲಾದರೂ ಓಡಿಸುವುದಿದ್ದರೆ ಮಾತ್ರ. ಇಲ್ಲವಾದರೆ ಕೆಲಸ ಮಾಡುತ್ತಿರುವಾಗಲೇ ಬಳಸುವವರಿಗೆ ಕೊಡುವುದು ಕ್ಯಾಮೆರಾಕ್ಕೂ ಒಳ್ಳೆಯದು. ಇಡುವಾಗ ಸೆಲ್ ತೆಗೆದು, ಷಟರ್ ಬಿಟ್ಟು, ಚರ್ಮದ ಚೀಲದಿಂದ ಹೊರತೆಗೆದು, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಡಿ. ಚರ್ಮ ತೇವ ಹಿಡಿದಿಟ್ಟು ಬೂಷ್ಟನ್ನು ಸಾಕುತ್ತದೆ. ಡಬ್ಬಿಯ ತೇವಾಂಶ ಶೇ 40-50 ಇರಲಿ. ಎರಡು ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಷಟರ್ ಒತ್ತಿ.

ನೆಗೆಟಿವ್‌ಗಳ ಬಗ್ಗೆ ಚರ್ಚೆಯೇ ಬೇಡ, ಅವನ್ನು ಬಿಸಾಡಬಾರದು. ಲೈಟ್ ಪ್ಯಾನೆಲ್ ಮೇಲೆ ಇಟ್ಟು, ಮ್ಯಾಕ್ರೊ ಲೆನ್ಸ್ (ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಹಾಕಿದ ಡಿಜಿಟಲ್ ಕ್ಯಾಮೆರಾವನ್ನು ನೇರ ಮೇಲೆ ನಿಲ್ಲಿಸಿ, ಎಫ್8ರಲ್ಲಿ ಟೈಮರ್ ಹಾಕಿ ನಕಲು ತೆಗೆಯಿರಿ. ಪಿವಿಸಿ ಕವರಿನಿಂದ ತೆಗೆದು ಪಾಲಿಪ್ರೊಪಿಲೀನ್ ಕವರಿಗೆ ಹಾಕಿ. ವಿನೆಗರಿನ ಹುಳಿ ವಾಸನೆ ಬರುವ ತುಂಡುಗಳಲ್ಲಿ ಫಿಲ್ಮಿನ ಅಸಿಟೇಟ್ ಕೊಳೆಯತೊಡಗಿರುತ್ತದೆ. ಅವನ್ನು ಉಳಿದವುಗಳಿಂದ ಬೇರೆ ಇಟ್ಟು ಮೊದಲು ಅವುಗಳದ್ದೇ ನಕಲು ಮಾಡಿಕೊಳ್ಳಿ.