ಮೊದಲು ತಲೆ ತೊಳೆದು ಬನ್ನಿ: ಇಇಜಿ ತೆಗೆಯುವ ನನ್ನ ಅನುಭವ

ನಮ್ಮ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ: "ತಲೆಗೆ ಕರೆಂಟ್ ಕೊಡ್ತೀರಾ?" ಇಲ್ಲ. ಇಇಜಿ ಮಷಿನ್ ತಲೆಯೊಳಗೆ ಏನನ್ನೂ ಕಳಿಸುವುದಿಲ್ಲ. ಮೆದುಳಿನಲ್ಲಿ ತಾನಾಗಿಯೇ ಹುಟ್ಟುವ ವಿದ್ಯುತ್ತನ್ನು ತಲೆಯ ಚರ್ಮದ ಮೇಲಿಂದ ಅಳೆದು ಗೆರೆಗಳಾಗಿ ತೋರಿಸುತ್ತದೆ. ಮೈಸೂರು ಕಡೆಯ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಇದೇ.

ಆ ವಿದ್ಯುತ್ತು ತುಂಬಾ ಸಣ್ಣದು. ಎದೆಯ ಇಸಿಜಿಯನ್ನು ಮಿಲಿವೋಲ್ಟ್‌ನಲ್ಲಿ ಅಳೆದರೆ, ನಾವು ಅದರ ಸಾವಿರದಲ್ಲೊಂದು ಭಾಗವಾದ ಮೈಕ್ರೋವೋಲ್ಟ್‌ನಲ್ಲಿ ಅಳೆಯುತ್ತೇವೆ. ಸಾಮಾನ್ಯವಾಗಿ 10ರಿಂದ 100. ಒಂದು ನರಕೋಶ ಮಾಡುವ ಕೆಲಸ ಹೊರಗೆ ಗೊತ್ತಾಗುವುದೇ ಇಲ್ಲ. ಮೆದುಳಿನ ಮೇಲ್ಪದರದ ಲಕ್ಷಾಂತರ ನರಕೋಶಗಳು ಒಟ್ಟಿಗೆ ಏರಿಳಿದಾಗ ಮಾತ್ರ ಅದು ಮೂಳೆ ದಾಟಿ ನಮ್ಮ ತಂತಿಯವರೆಗೆ ಬರುತ್ತದೆ. ಅದಕ್ಕೇ ತಲೆಗೂದಲಿನ ಕೊಬ್ಬರಿ ಎಣ್ಣೆ ಬಗ್ಗೆ ನಾನು ಅಷ್ಟು ಹಟ ಮಾಡುವುದು. ಎಣ್ಣೆ ಇದ್ದರೆ ಎಲೆಕ್ಟ್ರೋಡ್, ಅಂದರೆ ತಂತಿಯ ತುದಿಯ ಪುಟ್ಟ ಲೋಹದ ಬಿಲ್ಲೆ, ಚರ್ಮಕ್ಕೆ ಹತ್ತುವುದಿಲ್ಲ, ಗೆರೆ ತುಂಬ ಕರೆಂಟಿನ 50 ಹರ್ಟ್ಸ್ ಗುಂಯ್‌ಗಾಟವೇ ಕೂರುತ್ತದೆ. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆದು, ಎಣ್ಣೆ ಹಚ್ಚದೆ ಬರಬೇಕು. ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬಾರದು.

ಮಷಿನ್ ಆನ್ ಮಾಡುವುದಕ್ಕಿಂತ ಮುಂಚಿನ ಕೆಲಸವೇ ಜಾಸ್ತಿ. ಟೇಪ್ ಹಿಡಿದು ಮೂಗಿನ ಬುಡದಿಂದ ತಲೆಯ ಹಿಂದಿನ ಗುಬುಟಿನವರೆಗೆ ಅಳೆಯುತ್ತೇನೆ. 36 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಅದರ ಶೇಕಡಾ 10, ಅಂದರೆ 3.6ಕ್ಕೆ ಮೊದಲ ಗುರುತು. ಆಮೇಲೆ ಶೇಕಡಾ 20ರಂತೆ 7.2ಕ್ಕೊಂದು. ಕಿವಿಯಿಂದ ಕಿವಿಗೂ ಹೀಗೇ. ಇದಕ್ಕೆ ಟೆನ್-ಟ್ವೆಂಟಿ ಪದ್ಧತಿ ಅನ್ನುತ್ತೇವೆ. ಪ್ರತಿ ಗುರುತಿಗೂ ಹೆಸರಿದೆ. ಹಣೆಯ ಹಿಂದಿನ ಭಾಗಕ್ಕೆ ಎಫ್, ಕಿವಿಯ ಮೇಲಿನದಕ್ಕೆ ಟಿ, ನಡುನೆತ್ತಿಯ ಹಿಂದಕ್ಕೆ ಪಿ, ಹಿಂದಲೆಗೆ ಓ. ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ. ಬೆರಳಲ್ಲಿ ಈ ಗುರುತುಗಳನ್ನು ಹುಡುಕುತ್ತಾ ಹುಡುಕುತ್ತಾ ಮೆದುಳಿನ ನಕ್ಷೆ ನನಗೆ ಕೈಗೆ ಹತ್ತಿತು. ಚರ್ಮವನ್ನು ಜೆಲ್ ಹಚ್ಚಿ ಉಜ್ಜಿ, ಪೇಸ್ಟ್ ಇಟ್ಟು ಎಲೆಕ್ಟ್ರೋಡ್ ಕೂರಿಸಿ, ಅಲ್ಲಿ ವಿದ್ಯುತ್ತಿಗೆ ಇರುವ ತಡೆ 5 ಕಿಲೋಓಮ್‌ಗಿಂತ ಕೆಳಗೆ ಬರುವವರೆಗೂ ನಾನು ಬಿಡುವುದಿಲ್ಲ.

ರೆಕಾರ್ಡಿಂಗ್ ಶುರುವಾದ ಮೇಲೆ "ಕಣ್ಣು ಮುಚ್ಚಿ" ಅಂತೇನೆ. ಹಿಂದಲೆಯ ಗೆರೆಗಳಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಕಾಣಿಸಿಕೊಳ್ಳುತ್ತದೆ. ಕಣ್ಣು ತೆರೆದರೆ ಅದು ಅಡಗುತ್ತದೆ. ನೋಟದ ಕೆಲಸ ನಡೆಯುವುದು ಹಿಂದಲೆಯಲ್ಲಿ, ಅದಕ್ಕೇ ಹೀಗೆ. ಜರ್ಮನಿಯ ಯೆನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯರ ಇಇಜಿ ತೆಗೆದರು, 1929ರಲ್ಲಿ ಪ್ರಕಟಿಸಿದರು. ಅವರು ಗುರುತಿಸಿದ ಅಲೆಯನ್ನೇ ಇವತ್ತಿಗೂ ನಾವು ಮೊದಲು ಹುಡುಕುತ್ತೇವೆ.

ನನಗೆ ತುಂಬಾ ಇಷ್ಟದ ಭಾಗ ಮಕ್ಕಳದು. "ಪಾಠದ ಮಧ್ಯೆ ಸುಮ್ನೆ ಎಲ್ಲೋ ನೋಡ್ತಾ ಕೂರ್ತಾಳೆ ಅಂತ ಮಿಸ್ ಬೈತಾರೆ" ಎಂದು ತಾಯಂದಿರು ಹೇಳುತ್ತಾರೆ. ಅಂಥ ಮಗುವಿನ ಕೈಗೆ ಕಾಗದದ ಗಿರಿಗಿಟ್ಟಲೆ ಕೊಟ್ಟು, "ಪುಟ್ಟಿ, ಇದು ನಿಲ್ಲದ ಹಾಗೆ ಊದ್ತಾ ಇರು" ಅಂತೇನೆ. ಮೂರು ನಿಮಿಷ ಜೋರಾಗಿ ಉಸಿರಾಡಿಸಬೇಕು. ಕೆಲವು ಮಕ್ಕಳಲ್ಲಿ ಮಧ್ಯದಲ್ಲೇ ಗಿರಿಗಿಟ್ಟಲೆ ನಿಂತುಬಿಡುತ್ತದೆ, ಕಣ್ಣು ಶೂನ್ಯವಾಗುತ್ತದೆ. ಪರದೆಯಲ್ಲಿ ಅದೇ ಕ್ಷಣ ಸೆಕೆಂಡಿಗೆ ಮೂರರಂತೆ ಚೂಪು ಮೊನೆ, ಹಿಂದೆಯೇ ದಪ್ಪ ಅಲೆ, ತಲೆಯ ಎರಡೂ ಕಡೆ. ನಾನು ತಕ್ಷಣ "ಮಾವಿನಹಣ್ಣು" ಅಂತ ಜೋರಾಗಿ ಹೇಳುತ್ತೇನೆ. ಮಗು ಮತ್ತೆ ಊದಲು ಶುರು ಮಾಡಿದ ಮೇಲೆ "ನಾನೇನಂದೆ?" ಎಂದು ಕೇಳಿದರೆ ಅದಕ್ಕೆ ಗೊತ್ತೇ ಇರುವುದಿಲ್ಲ. ಇದು ಆಬ್ಸೆನ್ಸ್ ಫಿಟ್ಸ್. ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಬೈಸಿಕೊಂಡ ಮಗುವಿಗೆ ಆ ಗೆರೆಗಳಿಂದ ನ್ಯಾಯ ಸಿಗುತ್ತದೆ.

"ಎಂಆರ್‌ಐ ನಾರ್ಮಲ್ ಅಂದ್ರು, ಮತ್ತೆ ಇದ್ಯಾಕೆ?" ಎಂದು ಕೇಳುವವರೂ ಇದ್ದಾರೆ. ಎಂಆರ್‌ಐ ಮೆದುಳಿನ ರಚನೆ ತೋರಿಸುತ್ತದೆ: ಹಳೆಯ ಗಾಯದ ಕಲೆ, ಗಡ್ಡೆ, ಕುಗ್ಗಿದ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮೆದುಳಿನ ಭಾಗ). ಪೆಟ್ಟು ಬಿದ್ದಾಗ, ಸ್ಟ್ರೋಕ್ ಆದಾಗ ರಕ್ತಸ್ರಾವ ಇದೆಯೇ ಎಂದು ಬೇಗ ನೋಡಲು ಸಿಟಿ ಸ್ಕ್ಯಾನ್ ಬೇಕು. ಫಂಕ್ಷನಲ್ ಎಂಆರ್‌ಐ ಕೆಲಸವನ್ನೂ ತೋರಿಸುತ್ತದೆ, ಆದರೆ ರಕ್ತದ ಆಮ್ಲಜನಕದ ಬದಲಾವಣೆಯ ಮೂಲಕ. ರಕ್ತ ಪ್ರತಿಕ್ರಿಯಿಸಲು ಕೆಲವು ಸೆಕೆಂಡು ಹಿಡಿಯುತ್ತದೆ. ಇಇಜಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತದೆ. ಜಾಗ ಮಾತ್ರ ಅಷ್ಟು ನಿಖರವಾಗಿ ಹೇಳದು, ಮೆದುಳಿನ ಆಳದ್ದಂತೂ ಸರಿಯಾಗಿ ಸಿಗುವುದೇ ಇಲ್ಲ.

ಇಇಜಿ ನಾರ್ಮಲ್ ಬಂದರೂ ಫಿಟ್ಸ್ ಕಾಯಿಲೆ ಇಲ್ಲ ಅಂತಲ್ಲ. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಬಿಸಿನೀರಿನ ಫಿಟ್ಸನ್ನೇ ನೋಡಿ. ಹಂಡೆಯ ಸುಡುನೀರನ್ನು ಚೊಂಬಿನಿಂದ ಬಿಡದೆ ತಲೆಗೆ ಸುರಿದುಕೊಳ್ಳುವಾಗ ಬರುತ್ತದೆ. ಉಳಿದ ಹೊತ್ತಿನಲ್ಲಿ ತೆಗೆದ ಇಇಜಿ ಬಹಳ ಜನರಲ್ಲಿ ಸರಿಯಾಗೇ ಇರುತ್ತದೆ. ಮನೆಯವರು ತಲೆಸುತ್ತು ಅಂದುಕೊಂಡು ಸ್ನಾನದ ವಿಷಯ ಹೇಳುವುದೇ ಇಲ್ಲ. ಅದಕ್ಕೇ ತಂತಿ ಹಚ್ಚುತ್ತಾ ನಾನೇ ಕೇಳುತ್ತೇನೆ, "ಅಮ್ಮ, ತಲೆಗೆ ನೀರು ಹಾಕಿಕೊಳ್ಳುವಾಗ ಯಾವತ್ತಾದರೂ ಹೀಗಾಗಿದೆಯಾ?" ಹೌದು ಎಂದರೆ ದೊಡ್ಡಕ್ಷರದಲ್ಲಿ ಫಾರಂ ಮೇಲೆ ಬರೆದು ನರರೋಗ ತಜ್ಞರಿಗೆ ಕಳಿಸುತ್ತೇನೆ. ಜೊತೆಗೆ ಮನೆಯವರಿಗೆ ಒಂದು ಕೆಲಸ ಹೇಳುತ್ತೇನೆ: ಮುಂದಿನ ಸಲ ಫಿಟ್ಸ್ ಬಂದಾಗ ಒಬ್ಬರು ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತು ಅನ್ನುವುದು ಅದರಲ್ಲಿ ಡಾಕ್ಟರಿಗೆ ಸಿಗುತ್ತದೆ.