ಅಂಗೈಯಗಲದ ಟ್ರ್ಯಾಕ್ಟರಿಗೆ ಎರೆಹೊಲದ ಧೂಳು

ಎರೆ ಮಣ್ಣಿನ ಧೂಳು ಕಪ್ಪಲ್ಲ. ನವಲಗುಂದ, ನರಗುಂದ, ರೋಣದ ಕಡೆಯ ಹೊಲಗಳು ಮಳೆ ಬಿದ್ದಾಗ ಕಡುಕಪ್ಪಾಗಿ ಕಾಣುತ್ತವೆ, ನಿಜ. ಅದೇ ಮಣ್ಣು ಬಿಸಿಲಿಗೆ ಒಣಗಿ, ಹುಡಿಯಾಗಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಾಗ ಅದರ ಬಣ್ಣ ಬೂದಿ, ಅದರೊಳಗೆ ಒಂದೆಳೆ ಕಂದು. ಸಣ್ಣ ಮಾದರಿ ಟ್ರ್ಯಾಕ್ಟರುಗಳಿಗೆ ದುಡಿದ ಕಳೆ ತರುವ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇದು. ಅಂಗಡಿಯಲ್ಲಿ ಸಿಗುವ ಧೂಳಿನ ಪುಡಿಗಳು ಬಹುಪಾಲು ಬೇರೆ ದೇಶದ ಹೊಲಗಳನ್ನು ನೋಡಿ ಬೆರೆಸಿದವು. ಅವನ್ನು ಹಚ್ಚಿದ ಟ್ರ್ಯಾಕ್ಟರು ಕೊಳೆಯಾಗಿ ಕಾಣುತ್ತದೆ, ಆದರೆ ನಮ್ಮ ಊರಿನದು ಎನ್ನಿಸುವುದಿಲ್ಲ.

ನಾನಿರುವುದು ಧಾರವಾಡದಲ್ಲಿ. ಪಶ್ಚಿಮಕ್ಕೆ ಅಳ್ನಾವರದ, ದಕ್ಷಿಣಕ್ಕೆ ಕಲಘಟಗಿಯ ದಾರಿ ಹಿಡಿದರೆ ಕೆಂಪು ಮಣ್ಣು, ಭತ್ತದ ಗದ್ದೆ. ಪೂರ್ವಕ್ಕೆ ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರವೂ ಎರೆ, ಅದರಲ್ಲಿ ಹತ್ತಿ, ಕಡಲೆ, ಜೋಳ. ಗದಗ ದಾಟಿ ಕಪ್ಪತಗುಡ್ಡದ ಬುಡ ತಲುಪಿದರೆ ಮತ್ತೆ ಕೆಂಪು ಮಸಾರಿ. ಆದ್ದರಿಂದ ಕುಂಚ ಕೈಗೆತ್ತಿಕೊಳ್ಳುವ ಮೊದಲೇ ನಾನು ಮೂರು ವಿಷಯ ಗೊತ್ತುಮಾಡಿಕೊಳ್ಳುತ್ತೇನೆ: ಈ ಟ್ರ್ಯಾಕ್ಟರು ಯಾವ ಹೊಲದ್ದು, ಯಾವ ಹಂಗಾಮಿನದು, ಈಗ ಯಾವ ಕೆಲಸ ಮುಗಿಸಿ ಬಂದಿದೆ. ಹಿಂಗಾರಿ ಬಿತ್ತನೆಗೆ ಹೊಲ ಹದ ಮಾಡಿ ಬಂದದ್ದಕ್ಕೂ ಉಳ್ಳಾಗಡ್ಡಿ ತುಂಬಿಕೊಂಡು ಡಾಂಬರು ರಸ್ತೆಯಲ್ಲಿ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಬಂದದ್ದಕ್ಕೂ ಮೈಮೇಲಿನ ಗುರುತುಗಳು ಬೇರೆ ಬೇರೆ.

ಇತ್ತೀಚೆಗೆ ಮುಗಿಸಿದ್ದು 1:32 ಅಳತೆಯ ಮ್ಯಾಸಿ ಫರ್ಗುಸನ್ 135. ಮೂಲ ಟ್ರ್ಯಾಕ್ಟರು 1964ರಲ್ಲಿ ಬಂದದ್ದು. ಚೆನ್ನೈನ ಟಾಫೆ ಕಂಪನಿಯ ಮ್ಯಾಸಿಗಳನ್ನು ಚಿಕ್ಕಂದಿನಿಂದ ನೋಡಿದ ನಮ್ಮ ಕಡೆಯವರಿಗೆ ಅದರ ಕೆಂಪು ಬಾನೆಟ್ಟು, ಬೂದು ಎಂಜಿನ್ನು ಮನೆಯವೇ ಅನ್ನಿಸುತ್ತವೆ. ಮಾದರಿಯ ಉದ್ದ ಒಂಬತ್ತು ಹತ್ತು ಸೆಂಟಿಮೀಟರ್. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ 3.2 ಸೆಂಟಿಮೀಟರ್. ಅರ್ಧ ಮಿಲಿಮೀಟರ್ ದಪ್ಪಕ್ಕೆ ಪುಡಿ ಮೆತ್ತಿದರೂ ನೋಡುವವರ ಕಣ್ಣಿಗೆ ಅದು ಒಂದೂವರೆ ಸೆಂಟಿಮೀಟರ್ ದಪ್ಪದ ಒಣ ಕೆಸರು. ಈ ಗಾತ್ರದಲ್ಲಿ ಧೂಳಿಗೆ ದಪ್ಪವೇ ಇರಕೂಡದು, ಬಣ್ಣವಷ್ಟೇ ಇರಬೇಕು.

ಮೊದಲ ಕೆಲಸ ಹೊಳಪು ತೆಗೆಯುವುದು. ಮಾದರಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಕೈಯ ಜಿಡ್ಡು ಹೋದ ಮೇಲೆ ಮ್ಯಾಟ್ ವಾರ್ನಿಶ್ ಅನ್ನು ತೆಳ್ಳಗೆ ಸಿಂಪಡಿಸುತ್ತೇನೆ. ನುಣುಪಾದ ಮೈಮೇಲೆ ಪುಡಿ ನಿಲ್ಲುವುದಿಲ್ಲ. ಬಾನೆಟ್ಟಿನ ಮೇಲ್ಭಾಗಕ್ಕೆ ಮಾತ್ರ, ಬಿಳಿಗೆ ಚೂರು ಕಿತ್ತಳೆ ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಬಹಳ ನೀರಾಗಿಸಿ ಸವರುತ್ತೇನೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕೆಂಪು ಮೇಲ್ಗಡೆ ಬಿಳಿಚುತ್ತದೆ, ಪಕ್ಕಗಳಲ್ಲಿ ಮೊದಲಿನಂತೆಯೇ ಉಳಿಯುತ್ತದೆ. ಇಷ್ಟು ಮಾಡಿದರೇ ಆಟಿಕೆಯ ಕಳೆ ಅರ್ಧ ಹೋಗುತ್ತದೆ.

ಆಮೇಲಿನದು ಸವೆತ, ಮತ್ತು ನನಗೆ ಅತ್ಯಂತ ಮುಖ್ಯವಾದ ಭಾಗ. ಹೆಚ್ಚಿನವರು ಧೂಳು ಎಲ್ಲಿ ಕೂರುತ್ತದೆ ಎಂದು ನೋಡುತ್ತಾರೆ. ನಾನು ಧೂಳು ಎಲ್ಲಿ ಕೂರುವುದಿಲ್ಲ ಎಂದು ನೋಡುತ್ತೇನೆ. ದಿನವೂ ದುಡಿಯುವ ಟ್ರ್ಯಾಕ್ಟರನ್ನು ಮೂಲೆಯಲ್ಲಿ ಬಿದ್ದ ಟ್ರ್ಯಾಕ್ಟರಿನಿಂದ ಬೇರೆ ಮಾಡಿ ತೋರಿಸುವುದು ಅದರ ಮೇಲಿನ ಧೂಳಲ್ಲ, ಧೂಳಿಲ್ಲದ ಜಾಗಗಳು. ಅಮರಗೋಳದ ಮಾರುಕಟ್ಟೆಯಲ್ಲಿ ಸಾಲಾಗಿ ನಿಂತ ಟ್ರ್ಯಾಕ್ಟರುಗಳ ಬಳಿ ನಿಧಾನವಾಗಿ ಓಡಾಡಿದರೆ ಇದು ಸ್ಪಷ್ಟವಾಗುತ್ತದೆ. ಕ್ಲಚ್ ಪೆಡಲ್ಲು ಚಪ್ಪಲಿ ತಿಕ್ಕಿ ಬೆಳ್ಳಗಾಗಿರುತ್ತದೆ. ಸ್ಟೇರಿಂಗಿನ ಮೇಲರ್ಧ ಕೈಯ ಬೆವರಿಗೆ ಮಿರುಗುತ್ತದೆ, ಕೆಳಗಿನ ಅರ್ಧದಲ್ಲಿ ಹುಡಿ ಹಾಗೇ ಇರುತ್ತದೆ. ಹತ್ತುವಾಗ ಹಿಡಿಯುವ ಮಡ್‌ಗಾರ್ಡಿನ ಅಂಚು ಬಣ್ಣ ಹೋಗಿ ಲೋಹ ಕಾಣುತ್ತದೆ. ಹೊಲಕ್ಕೆ ಹೋಗುವ ಆಳುಗಳು ಮಡ್‌ಗಾರ್ಡಿನ ಮೇಲೆ ಕೂತೇ ಹೋಗುವುದರಿಂದ ಅಲ್ಲಿ ಒಬ್ಬರು ಕೂರುವಷ್ಟು ಜಾಗ ಸದಾ ಒರೆಸಿಟ್ಟಂತೆ ಇರುತ್ತದೆ, ಅದರ ಸುತ್ತ ಧೂಳಿನ ಗೆರೆ. ಹಾಗೆ ಕೂತು ಹೋಗುವುದು ಅಪಾಯದ ಕೆಲಸ, ಆದರೆ ನಡೆಯುವುದು ಹಾಗೆ, ಮತ್ತು ಮಾದರಿ ಇರುವುದನ್ನು ತೋರಿಸಬೇಕು.

ಈ ಸವೆತಕ್ಕೆ ನಾನು ಬಳಸುವುದು ಒಂದು ಚೂರು ಸ್ಪಂಜು ಮತ್ತು ಮೆತ್ತನೆಯ ಪೆನ್ಸಿಲ್. ಸ್ಪಂಜಿನ ತುದಿಯನ್ನು ಕಡು ಕಂದು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಬಣ್ಣ ಮುಕ್ಕಾಲು ತೆಗೆದು, ಬಳಿಕ ಅಂಚುಗಳಿಗೆ ಮುಟ್ಟಿಸುತ್ತೇನೆ. ಬಣ್ಣ ಎದ್ದು ಬಹಳ ದಿನವಾದ ಜಾಗ ಕಂದು, ದಿನವೂ ತಿಕ್ಕುವ ಜಾಗ ಬೆಳ್ಳಿ. ಬೆಳ್ಳಿ ಬಣ್ಣದ ಡಬ್ಬಿಯನ್ನು ನಾನು ತೆರೆಯುವುದೇ ಇಲ್ಲ. ಪೆನ್ಸಿಲ್ಲಿನ ಗ್ರಾಫೈಟನ್ನು ಬೆರಳಿನಿಂದ ಉಜ್ಜಿದರೆ ಬರುವ ಮಿಂಚು ಸವೆದ ಕಬ್ಬಿಣಕ್ಕೆ ಬಹಳ ಹತ್ತಿರ. ಕಲ್ಟಿವೇಟರಿನಲ್ಲಂತೂ ಇದು ಮುಖ್ಯ. ಮಣ್ಣು ಸೀಳುವ ಮೊನೆಗಳು ಹಂಗಾಮಿನಲ್ಲಿ ತುಕ್ಕು ಹಿಡಿಯುವುದಿಲ್ಲ. ಮಣ್ಣೇ ಅವನ್ನು ಉಜ್ಜಿ ಕನ್ನಡಿ ಮಾಡಿರುತ್ತದೆ. ತುಕ್ಕು ಇರುವುದು ಮೇಲಿನ ಚೌಕಟ್ಟಿನಲ್ಲಿ, ಬೋಲ್ಟುಗಳ ಸುತ್ತ. ಮೊನೆಗೆ ತುಕ್ಕು ಬಳಿದ ಮಾದರಿಯನ್ನು ನೋಡಿದರೆ ಹೊಲ ಬಲ್ಲವರು ಅದು ಶೆಡ್ಡಿನಲ್ಲೇ ಕೊಳೆಯುತ್ತಿದೆ ಎಂದುಕೊಳ್ಳುತ್ತಾರೆ. ಮಾದರಿಯ ಎರಕ ಸತುವಿನ ಮಿಶ್ರಲೋಹವಾದ್ದರಿಂದ ಅದು ತಾನಾಗಿ ಕೆಂಪು ತುಕ್ಕು ಹಿಡಿಯುವುದೂ ಇಲ್ಲ. ತುಕ್ಕು ಬೇಕಾದ ಕಡೆ ಕಾವಿಯ ಪುಡಿಗೆ ಚೂರು ಕಪ್ಪು ಬೆರೆಸಿ ಹಚ್ಚುತ್ತೇನೆ.

ಎಂಜಿನ್ನಿಗೆ ನೀರಾಗಿಸಿದ ಕಪ್ಪುಗಂದು ಬಣ್ಣ. ಅದು ತಾನೇ ಸಂದುಗಳಿಗೆ ಇಳಿದು ನಿಲ್ಲುತ್ತದೆ. ಡೀಸೆಲ್ ಮುಚ್ಚಳದಿಂದ ಕೆಳಕ್ಕೆ ಒಂದು ಗೆರೆ, ಹಿಂದಿನ ಆಕ್ಸಲ್ಲಿನ ಗಾಲಿಗುಂಬದಲ್ಲಿ ಎಣ್ಣೆ ಜಿನುಗಿದ ಗುರುತು, ಹೈಡ್ರಾಲಿಕ್ ಕೀಲುಗಳಲ್ಲಿ ಗ್ರೀಸಿನ ಕಪ್ಪು. ಎಣ್ಣೆ ಇದ್ದಲ್ಲಿ ಧೂಳು ದಟ್ಟವಾಗಿ ಅಂಟಿ ಕಪ್ಪಾಗುತ್ತದೆ. ಅಲ್ಲಿ ಬೂದು ಪುಡಿ ಕಾಣಬಾರದು.

ಇನ್ನು ಧೂಳು. ನಾನು ಹೊಲದ ಮಣ್ಣನ್ನೇ ಬಳಸುತ್ತೇನೆ. ಎರೆ ಮಣ್ಣಿನಲ್ಲಿ ಜೇಡಿಯ ಪಾಲು ಹೆಚ್ಚು. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದು. ಹೀಗಾಗಿ ಇಷ್ಟು ಚಿಕ್ಕ ಅಳತೆಯಲ್ಲೂ ಅದು ಹುಡಿಯಾಗಿಯೇ ಕಾಣುತ್ತದೆ. ಮಸಾರಿಯಲ್ಲಿ ಉಸುಕು ಇರುತ್ತದೆ. ಅರ್ಧ ಮಿಲಿಮೀಟರಿನ ಉಸುಕಿನ ಕಣ ಬಾನೆಟ್ಟಿನ ಮೇಲೆ ಉಳಿದರೆ ಅದು ಜಲ್ಲಿಕಲ್ಲು! ಎರಡನ್ನೂ ಕಬ್ಬಿಣದ ಹಂಚಿನಲ್ಲಿ ಚೆನ್ನಾಗಿ ಹುರಿದು, ಕಲ್ಲಿನಲ್ಲಿ ಅರೆದು, ಹಳೆಯ ಧೋತರದ ಬಟ್ಟೆಯಲ್ಲಿ ಸೋಸುತ್ತೇನೆ. ಹುರಿಯುವುದು ತೇವ ಹೋಗಲಿ, ಬೂಸ್ಟು ಬರದಿರಲಿ ಎಂದು. ಸೋಸುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು. ಇಷ್ಟು ಸಣ್ಣ ಹುಡಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಒಣ ಪುಡಿಯನ್ನು ಮೆತ್ತನೆಯ ಕುಂಚದಿಂದ ಎಲ್ಲಿ ಬೇಕೋ ಅಲ್ಲಿ ಉದುರಿಸಿ, ಇನ್ನೊಂದು ಕುಂಚದ ತುದಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಂಡು ಪುಡಿಯ ಅಂಚಿಗೆ ಮುಟ್ಟಿಸುತ್ತೇನೆ. ಕುಂಚವನ್ನು ಎಳೆಯುವುದಿಲ್ಲ. ದ್ರವ ತಾನೇ ಪುಡಿಯೊಳಗೆ ಹರಿದು, ಆ ಕ್ಷಣ ಮಣ್ಣು ಕಪ್ಪಾಗಿ, ಕೆಲವೇ ನಿಮಿಷಗಳಲ್ಲಿ ಆರುತ್ತಾ ಮತ್ತೆ ಬೂದಿಬಣ್ಣಕ್ಕೆ ಮರಳುತ್ತದೆ. ಇಲ್ಲಿ ನೀರು ಬಳಸಿದರೆ ಕೆಲಸ ಕೆಡುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಆರುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುವ ಗುಣವೇ ಒಂದು ಚಿಟಿಕೆ ಮಣ್ಣಿನಲ್ಲೂ ಇದೆ. ಆದರೆ ಮಡ್‌ಗಾರ್ಡಿನ ಒಳಮೈಗೆ ಇದೇ ಗುಣ ವರ. ಅಲ್ಲಿ ಗಾಲಿ ಎರಚಿದ ಕೆಸರು ಬೇಕು. ಹಾಗಾಗಿ ಮಣ್ಣನ್ನು ನೀರು ಮತ್ತು ಒಂದು ಹನಿ ಫೆವಿಕಾಲ್‌ನಲ್ಲಿ ಕಲಸಿ ಮೆತ್ತಿ ಬಿಡುತ್ತೇನೆ. ಆರಿದಾಗ ಬಿರುಕುಗಳು ತಾವಾಗಿ ಮೂಡುತ್ತವೆ, ಮತ್ತು ಪದರ ತೆಳುವಾದಷ್ಟೂ ಬಿರುಕು ಸಣ್ಣದಾಗಿ ಅಳತೆಗೆ ಹೊಂದುತ್ತದೆ. ಯಾವ ಕುಂಚವೂ ಅಂಥ ಬಿರುಕನ್ನು ಬರೆಯಲಾರದು.

ಧೂಳು ಕೆಳಗಿನಿಂದ ಮೇಲಕ್ಕೆ ತೆಳುವಾಗುತ್ತಾ ಹೋಗಬೇಕು. ಗಾಲಿಗುಂಬ, ಆಕ್ಸಲ್, ಫುಟ್‌ಬೋರ್ಡಿನಲ್ಲಿ ದಟ್ಟ. ಬಾನೆಟ್ಟಿನ ಪಕ್ಕದಲ್ಲಿ ತೆಳು. ಮೇಲ್ಭಾಗದಲ್ಲಿ ಚಪ್ಪಟೆ ಇರುವ ಕಡೆ ಮಾತ್ರ ಸ್ವಲ್ಪ. ಎಲ್ಲ ಮುಗಿದ ಮೇಲೆ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಹಿಂಡಿದ ಕುಂಚದಿಂದ ಪೆಡಲ್ಲು, ಸ್ಟೇರಿಂಗು, ಸೀಟು, ಮಡ್‌ಗಾರ್ಡಿನ ಕೂರುವ ಜಾಗ, ಡೀಸೆಲ್ ಮುಚ್ಚಳ ಇವುಗಳ ಮೇಲಿನ ಪುಡಿಯನ್ನು ಒಂದೊಂದಾಗಿ ಒರೆಸುತ್ತೇನೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಡುವುದು ಈ ಒರೆಸುವಿಕೆ. ಅದುವರೆಗೆ ಧೂಳು ಬಿದ್ದ ವಸ್ತುವಾಗಿದ್ದದ್ದಕ್ಕೆ ಈಗ ಒಬ್ಬ ಚಾಲಕ ಸಿಗುತ್ತಾನೆ. ಪುಡಿಯ ಮೇಲೆ ಕೊನೆಗೆ ವಾರ್ನಿಶ್ ಹೊಡೆಯುವ ರೂಢಿ ಕೆಲವರಿಗಿದೆ. ನಾನು ಹೊಡೆಯುವುದಿಲ್ಲ. ವಾರ್ನಿಶ್ ತಾಕಿದರೆ ಬೂದು ಕಪ್ಪಾಗುತ್ತದೆ, ತೆಳು ಪದರವಂತೂ ಮಾಯವೇ ಆಗುತ್ತದೆ.

ಟಯರುಗಳನ್ನು ಬಿಡಿಸಿ ಬೇರೆಯಾಗಿ ಮಾಡುವುದು ಒಳ್ಳೆಯದು. ಮೆತ್ತನೆಯ ವಿನೈಲ್ ಟಯರಿಗೆ ಎನಾಮಲ್ ಹಚ್ಚಿದರೆ ಆರದೆ ಅಂಟಂಟಾಗಿ ಉಳಿಯುತ್ತದೆ, ಆದ್ದರಿಂದ ಅಕ್ರಿಲಿಕ್ ಮತ್ತು ಪುಡಿ ಮಾತ್ರ. ಹೊಲದಲ್ಲೇ ನಿಂತ ಟ್ರ್ಯಾಕ್ಟರಿಗೆ ಟಯರಿನ ಗುಬ್ಬುಗಳೂ ಸಂದುಗಳೂ ಒಂದೇ ಸಮ ಮಣ್ಣು. ರಸ್ತೆಯಲ್ಲಿ ಬಂದದ್ದಕ್ಕೆ ಗುಬ್ಬುಗಳ ನೆತ್ತಿ ಡಾಂಬರಿಗೆ ತಿಕ್ಕಿ ಕಪ್ಪಗೆ ಸ್ವಚ್ಛ, ಸಂದಿನಲ್ಲಿ ಮಾತ್ರ ಮಣ್ಣು. ನನ್ನ ಮ್ಯಾಸಿ ಮಾರುಕಟ್ಟೆಗೆ ಹೊರಟದ್ದು. ಸಂದುಗಳಿಗೆ ಮಣ್ಣು ತುಂಬಿ, ಗುಬ್ಬುಗಳ ನೆತ್ತಿಯನ್ನು ಒದ್ದೆ ಬಟ್ಟೆಗೆ ಒಮ್ಮೆ ಉರುಳಿಸಿದೆ. ಟ್ರೇಲರಿನ ತಳದಲ್ಲಿ ಸಲಿಕೆ ಎಳೆದ ಗೀರುಗಳು, ಮೂಲೆಗಳಲ್ಲಿ ಉಳ್ಳಾಗಡ್ಡಿಯ ಸಿಪ್ಪೆ. ನಿಜವಾದ ಸಿಪ್ಪೆ ಈ ಅಳತೆಗೆ ದಪ್ಪ. ತೆಳುವಾದ ಟಿಶ್ಯೂ ಕಾಗದಕ್ಕೆ ತಿಳಿನೇರಳೆ ಬಣ್ಣ ಕುಡಿಸಿ, ಒಣಗಿಸಿ, ಬ್ಲೇಡಿನಿಂದ ಚೂರು ಮಾಡಿ ಉದುರಿಸಿದ್ದೇನೆ.

ಬಾನೆಟ್ಟಿನ ಮುಂಭಾಗದಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಇರಲೇಬೇಕು. ಆಯುಧಪೂಜೆಯ ಗುರುತು ತಿಂಗಳುಗಟ್ಟಲೆ ಅಳಿಯುವುದಿಲ್ಲ. ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯ ಅಡುಗೆಯನ್ನು ಹೊಲದಲ್ಲಿ ಚೆಲ್ಲಲು, ಮನೆಮಂದಿಯೆಲ್ಲ ಟ್ರೇಲರ್ ಹತ್ತಿ ಹೊಲಕ್ಕೆ ಹೋದಾಗ ಕಟ್ಟಿದ ಹಾರದ ದಾರವೂ ಗ್ರಿಲ್ಲಿನಲ್ಲಿ ಹೂವು ಉದುರಿದ ಮೇಲೆ ಹಾಗೇ ಉಳಿದಿರುತ್ತದೆ. ದಾರಕ್ಕೆ ಹೊಲಿಗೆ ನೂಲಿನ ಒಂದೇ ಎಳೆಯನ್ನು ಬಿಡಿಸಿ ಕಟ್ಟಿದ್ದೇನೆ. ವಿಭೂತಿಗೆ ಬಿಳಿ ಪುಡಿಯನ್ನು ಸೂಜಿ ಮೊನೆಯಿಂದ ಎಳೆದರೆ ಸಾಕು. ಗುರುತಿನ ಅಂಚು ಚೂರು ಅಳಿಸಿದಂತಿರಬೇಕು, ಅದರ ಮೇಲೂ ತೆಳ್ಳಗೆ ಧೂಳು ಬಿದ್ದಿರಬೇಕು. ಪೂಜೆ ಮೊದಲು ಆಯಿತು, ಹೊಲದ ಕೆಲಸ ಆಮೇಲೆ ನಡೆಯಿತು ಎಂಬ ಕ್ರಮ ಅದರಿಂದ ತಿಳಿಯುತ್ತದೆ.

ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು. ಮನೆಯ ಧೂಳು ನಾರುನಾರಾಗಿರುತ್ತದೆ, ಹೊಲದ ಹುಡಿಯ ಮೇಲೆ ಕೂತರೆ ತಕ್ಷಣ ಬೇರೆಯಾಗಿ ಕಾಣುತ್ತದೆ, ಒರೆಸಲು ಹೋದರೆ ಎರಡೂ ಹೋಗುತ್ತವೆ. ಎತ್ತುವಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ಲನ್ನು ಅಡಿಯಿಂದ ಹಿಡಿಯುತ್ತೇನೆ. ಈಗ ಮೇಜಿನ ಮೇಲಿರುವುದು ಹಾನಗಲ್ಲ ಕಡೆಯ ಭತ್ತದ ಗದ್ದೆಯ ಟ್ರ್ಯಾಕ್ಟರು, ಹಿಂದಿನ ಗಾಲಿಗಳಿಗೆ ಕೇಜ್ ವೀಲ್, ಅಂದರೆ ಕೆಸರಿನಲ್ಲಿ ಓಡಲು ಹಾಕುವ ಕಬ್ಬಿಣದ ಪಂಜರದಂಥ ಗಾಲಿ. ಅದಕ್ಕೆ ಹುಡಿ ಬೇಡ, ಹಸಿ ಕೆಸರು ಬೇಕು. ಮಣ್ಣಿಗೆ ಹೊಳಪಿನ ವಾರ್ನಿಶ್ ಬೆರೆಸಿ ಆ ಒದ್ದೆಯನ್ನು ಆರಿದ ಮೇಲೂ ಹಾಗೇ ಉಳಿಸಿಕೊಳ್ಳುವ ಕೆಲಸ ನಡೆದಿದೆ.